ಅಡಿಗೆಯ ವಿಮರ್ಶಕನ ಅರ್ಹತೆ

ಕಳೆದ ತಿಂಗಳು ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬ ಪಾಠ ಮುಗಿದ ಮೇಲೆ ನನ್ನ ಕೋಣೆಗೆ ಬಂದ. ಬಾಗಿಲ ಬಳಿ ಸ್ವಲ್ಪ ಹೊತ್ತು ತಡವರಿಸಿ ನಿಂತು, "ಸರ್, ಊಟ ತಿಂಡಿಗಳ ವಿಮರ್ಶಕನಾಗಬೇಕಾದರೆ ಯಾವ ಪರೀಕ್ಷೆ ಪಾಸು ಮಾಡಬೇಕು?" ಎಂದು ಕೇಳಿದ. ನನಗೆ ನಗು ಬಂತು. ತಿನ್ನುವುದಕ್ಕೂ ಪರೀಕ್ಷೆಯೆ, ಎಂದೆ. ಅವನು ನಗಲಿಲ್ಲ. ಈಚೆಗೆ ಪತ್ರಿಕೆಗಳಲ್ಲಿ ಹೋಟೆಲುಗಳ ವಿಷಯ ಬರೆಯುವವರು, ಕೈಯಲ್ಲಿ ಫೋನು ಹಿಡಿದು ದೋಸೆಯ ಮುಂದೆ ನಿಂತು ಮಾತನಾಡುವವರು ನೂರಾರು ಮಂದಿ ಇದ್ದಾರೆ. ಅವರ ಮಾತು ಕೇಳಿ ಸಾವಿರಾರು ಜನ ಸಾಲಾಗಿ ನಿಲ್ಲುತ್ತಾರೆ. ಹಾಗಿದ್ದ ಮೇಲೆ ಅದಕ್ಕೂ ಒಂದು ಯೋಗ್ಯತೆ ಇರಬೇಕಲ್ಲವೆ ಎಂಬುದು ಅವನ ವಾದ. ವಾದದಲ್ಲಿ ತಪ್ಪಿರಲಿಲ್ಲ. ಉತ್ತರ ಕೊಡಲು ಹೊರಟು ನಾನೇ ತಡವರಿಸಿದೆ.

ವೈದ್ಯನಿಗೆ ಪದವಿ ಬೇಕು, ವಕೀಲನಿಗೆ ಸನ್ನದು ಬೇಕು. ಸಾಹಿತ್ಯ ವಿಮರ್ಶಕನಿಗೆ ಕೂಡ ಎಂ.ಎ. ಇದ್ದರೆ ಮರ್ಯಾದೆ ಹೆಚ್ಚು. ಅರ್ಹತೆ ಹೆಚ್ಚುತ್ತದೆಯೋ ಇಲ್ಲವೋ ಅದು ಬೇರೆ ಮಾತು. ಅಡಿಗೆಯ ವಿಮರ್ಶಕನಿಗೆ ಮಾತ್ರ ಯಾವ ವಿದ್ಯಾಲಯವೂ ಮುದ್ರೆಯೊತ್ತಿ ಕೊಡುವುದಿಲ್ಲ. ಹೋಟೆಲು ನಿರ್ವಹಣೆಯ ಕಾಲೇಜು ಅಡಿಗೆ ಮಾಡುವುದನ್ನು ಕಲಿಸುತ್ತದೆ. ಪತ್ರಿಕೋದ್ಯಮದ ಕಾಲೇಜು ಸುದ್ದಿ ಬರೆಯುವುದನ್ನು ಕಲಿಸುತ್ತದೆ. ಇವೆರಡರ ನಡುವೆ ಇರುವ ಜಾಗದಲ್ಲಿ ನಾಲಗೆಯುಳ್ಳ ಯಾರು ಬೇಕಾದರೂ ಬಂದು ಕೂರಬಹುದು. ಕುಳಿತವರೆಲ್ಲ ವಿಮರ್ಶಕರಾಗುತ್ತಾರೆಯೆ? ಇದು ನಿಜವಾದ ಪ್ರಶ್ನೆ.

ಕಾವ್ಯಮೀಮಾಂಸೆಯ ವಿದ್ಯಾರ್ಥಿಗೆ ಈ ಪ್ರಶ್ನೆ ತೀರ ಹೊಸದಲ್ಲ. ನಮ್ಮವರು ಕಾವ್ಯದ ಸವಿಯನ್ನು ವಿವರಿಸಬೇಕಾದಾಗಲೆಲ್ಲ ಊಟದ ಎಲೆಯ ಕಡೆಗೇ ಕೈಚಾಚಿದ್ದಾರೆ. ಭರತಮುನಿ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ, ನಾನಾ ವ್ಯಂಜನಗಳಿಂದ ಕೂಡಿದ ಅನ್ನವನ್ನು ಉಣ್ಣುವ ಒಳ್ಳೆಯ ಮನಸ್ಸಿನ ಪುರುಷನನ್ನು ಮೊದಲು ತೋರಿಸಿ, ಆಮೇಲೆ ನಾಟಕದ ಪ್ರೇಕ್ಷಕನನ್ನು ಅವನಿಗೆ ಹೋಲಿಸುತ್ತಾನೆ. 'ರಸ' ಎಂಬ ಮಾತು ನಾಲಗೆಯಿಂದ ಹೃದಯಕ್ಕೆ ಇಳಿದು ಬಂದದ್ದು. ಇನ್ನೂ ಸ್ವಾರಸ್ಯವಾದದ್ದು ರಾಜಶೇಖರನ 'ಕಾವ್ಯಮೀಮಾಂಸೆ'ಯಲ್ಲಿದೆ. ಹತ್ತನೆಯ ಶತಮಾನದ ಆದಿಭಾಗದ ಈ ಗ್ರಂಥದಲ್ಲಿ ವಿಮರ್ಶಕರು ನಾಲ್ಕು ಬಗೆ: ಅರೋಚಕಿ, ಸತೃಣಾಭ್ಯವಹಾರಿ, ಮತ್ಸರಿ, ತತ್ತ್ವಾಭಿನಿವೇಶಿ. ಅರೋಚಕಿಯೆಂದರೆ ಹಸಿವೆ ಸತ್ತವನು, ಏನು ಬಡಿಸಿದರೂ ರುಚಿಸದವನು. ಸತೃಣಾಭ್ಯವಹಾರಿಯೆಂದರೆ ಅನ್ನದೊಡನೆ ಹುಲ್ಲನ್ನೂ ಮೇಯುವವನು. ಮತ್ಸರಿಗೆ ವಿವರಣೆ ಬೇಡ. ನಾಲ್ಕನೆಯವನು, ವಸ್ತುವಿನ ತತ್ತ್ವವನ್ನು ಕಾಣಬೇಕೆಂಬ ಹಟದವನು, ಸಾವಿರದಲ್ಲಿ ಒಬ್ಬ. ಮೊದಲೆರಡು ಹೆಸರುಗಳನ್ನು ಸಾಹಿತ್ಯಶಾಸ್ತ್ರ ಊಟದಿಂದ ಸಾಲ ತಂದಿತು. ಸಾವಿರ ವರ್ಷಗಳಾದ ಮೇಲೆ ಆ ಸಾಲವನ್ನು ಹಿಂದಿರುಗಿಸುವ ಕಾಲ ಬಂದಿದೆಯೆಂದು ನನಗೆ ತೋರುತ್ತದೆ. ಇಂದಿನ ಊಟದ ಬರವಣಿಗೆಯಲ್ಲಿ ಅರೋಚಕಿಗಳು ಕೆಲವರು, ಮತ್ಸರಿಗಳು ಕೆಲವರು, ಹುಲ್ಲು ಮೇಯುವವರು ಬಹುಮಂದಿ.

ಈ ಕೆಲಸವನ್ನು ಚೆನ್ನಾಗಿ ಮಾಡಿದವರು ಯಾರು, ಅವರ ಹಿನ್ನೆಲೆ ಏನು ಎಂದು ನೋಡೋಣ. ಈ ವೃತ್ತಿ ಹುಟ್ಟಿದ್ದು ಫ್ರಾನ್ಸಿನಲ್ಲಿ, ಮಹಾಕ್ರಾಂತಿಯಾದ ಮೇಲೆ. ಪ್ರಭುಗಳ ಮನೆಯ ಬಾಣಸಿಗರಲ್ಲಿ ಎಷ್ಟೋ ಮಂದಿ ಕೆಲಸ ಕಳೆದುಕೊಂಡು ಪ್ಯಾರಿಸಿನ ಬೀದಿಗಳಲ್ಲಿ ಭೋಜನಶಾಲೆಗಳನ್ನು ಸೇರಿದರು. ಕೈಯಲ್ಲಿ ಹೊಸದಾಗಿ ಹಣ ಕಂಡ ಜನಕ್ಕೆ ಎಲ್ಲಿ ಉಣ್ಣಬೇಕೆಂದು ಹೇಳುವವರು ಬೇಕಾದರು. ಗ್ರಿಮೋ ದ ಲಾ ರೇನಿಯೇರ್ ಎಂಬಾತ ೧೮೦೩ರಿಂದ ೧೮೧೨ರವರೆಗೆ ಭೋಜನಪ್ರಿಯರ ಪಂಚಾಂಗವೊಂದನ್ನು ಹೊರಡಿಸಿದ. ಓದಿದ್ದು ವಕೀಲಿ, ಬರೆಯುತ್ತಿದ್ದುದು ನಾಟಕ ವಿಮರ್ಶೆ. 'ರುಚಿಯ ಶರೀರಶಾಸ್ತ್ರ' ಎಂಬ ಅರ್ಥದ ಹೆಸರಿಟ್ಟು ೧೮೨೫ರಲ್ಲಿ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ ಬ್ರಿಯಾ-ಸವಾರೆ ನ್ಯಾಯಾಧೀಶ. ಅಮೆರಿಕದಲ್ಲಿ ಈ ಕೆಲಸಕ್ಕೆ ಶಿಸ್ತು ತಂದವನು ಕ್ರೇಗ್ ಕ್ಲೈಬೋರ್ನ್. ತಾಯಿ ಮಿಸಿಸಿಪಿಯ ಸಣ್ಣ ಊರಿನಲ್ಲಿ ಊಟ-ವಸತಿಯ ಮನೆ ನಡೆಸುತ್ತಿದ್ದಳು. ಮಗ ಪತ್ರಿಕೋದ್ಯಮ ಓದಿ, ನೌಕಾದಳದಲ್ಲಿ ದುಡಿದು, ಆಮೇಲೆ ಸ್ವಿಟ್ಸರ್ಲೆಂಡಿನ ಲೋಸಾನ್‌ನಲ್ಲಿದ್ದ ಹೋಟೆಲು ಶಾಲೆಯಲ್ಲಿ ಕಲಿತು, ೧೯೫೭ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಆಹಾರ ವಿಭಾಗದ ಸಂಪಾದಕನಾದ. ಮುಂದೆ ಅದೇ ಪತ್ರಿಕೆಗೆ ಬರೆದ ರೂತ್ ರೈಕಲ್ ಅವರದು ಕಲೆಯ ಇತಿಹಾಸದಲ್ಲಿ ಎಂ.ಎ.; ಅದರ ಮೇಲೆ ಬರ್ಕ್ಲಿಯಲ್ಲಿ ಪಾಲುಗಾರಿಕೆಯ ಭೋಜನಶಾಲೆಯೊಂದರಲ್ಲಿ ಸ್ವತಃ ಅಡಿಗೆ ಮಾಡಿದ ಅನುಭವ. ೨೦೦೭ರಲ್ಲಿ ಊಟದ ವಿಮರ್ಶೆಗಾಗಿಯೇ ಪುಲಿಟ್ಜರ್ ಬಹುಮಾನ ಪಡೆದವರಲ್ಲಿ ಮೊದಲಿಗನಾದ ಲಾಸ್ ಏಂಜಲೀಸಿನ ಜಾನಥನ್ ಗೋಲ್ಡ್ ಓದಿದ್ದು ಸಂಗೀತ, ನುಡಿಸುತ್ತಿದ್ದುದು ಚೆಲೋ.

ನಮ್ಮಲ್ಲಿಗೆ ಬರೋಣ. ಭಾರತದ ಆಹಾರದ ಇತಿಹಾಸವನ್ನು ಒಂದೆಡೆ ತಂದು ೧೯೯೪ರಲ್ಲಿ ದೊಡ್ಡ ಗ್ರಂಥ ಬರೆದ ಕೆ. ಟಿ. ಅಚಯ ಅವರು ಹುಟ್ಟಿದ್ದು ನಮ್ಮ ಕೊಳ್ಳೇಗಾಲದಲ್ಲಿ, ೧೯೨೩ರಲ್ಲಿ. ಅವರ ವೃತ್ತಿ ರಸಾಯನಶಾಸ್ತ್ರ. ಎಣ್ಣೆಕಾಳುಗಳ ವಿಷಯದಲ್ಲಿ ತಜ್ಞರು. 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಎಂಬ ರಸವತ್ತಾದ ಪುಸ್ತಕವನ್ನು ಕನ್ನಡಕ್ಕೆ ಕೊಟ್ಟ ಬಿ. ಜಿ. ಎಲ್. ಸ್ವಾಮಿಯವರು ಸಸ್ಯವಿಜ್ಞಾನಿ. ವಕೀಲ, ನ್ಯಾಯಾಧೀಶ, ನಾವಿಕ, ಕಲಾವಿದ್ಯಾರ್ಥಿನಿ, ಚೆಲೋವಾದಕ, ರಸಾಯನಶಾಸ್ತ್ರಜ್ಞ, ಸಸ್ಯವಿಜ್ಞಾನಿ: ಈ ಪಟ್ಟಿಯಲ್ಲಿ ಎಲ್ಲರಿಗೂ ಸಮಾನವಾದ ಪದವಿ ಒಂದೂ ಇಲ್ಲ. ಆದರೆ ಇಲ್ಲಿರುವವರೆಲ್ಲ ಯಾವುದೋ ಒಂದು ವಿದ್ಯೆಯಲ್ಲಿ ಮೊದಲೇ ಪಳಗಿದವರು. ಸಾಕ್ಷ್ಯ ತೂಗುವುದು, ಸ್ವರ ಗುರುತಿಸುವುದು, ಬಣ್ಣ ನೋಡುವುದು, ಎಲೆಯ ನರ ಎಣಿಸುವುದು, ಯಾವುದಾದರೂ ಸರಿ, ಗಮನವಿಟ್ಟು ನೋಡುವ ಅಭ್ಯಾಸ ಅವರಿಗೆ ಊಟಕ್ಕೆ ಕೂರುವ ಮುನ್ನವೇ ಬಂದಿತ್ತು. ಬರಿಯ ತಿಂಡಿಪೋತತನದಿಂದ ಈ ಪಂಕ್ತಿಗೆ ಬಂದವನು ಇವರಲ್ಲಿ ಒಬ್ಬನೂ ಇಲ್ಲ.

ಹಾಗಾದರೆ ನಾಲಗೆ? ಅದು ಬೇಡವೆ? ಬೇಕು, ಆದರೆ ನಾವು ತಿಳಿದಷ್ಟು ದೊಡ್ಡ ದೈವದತ್ತ ವರ ಅದಲ್ಲ. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಂಥ ಕಡೆ ರುಚಿ ನೋಡುವವರನ್ನು ಪರೀಕ್ಷಿಸಿ ತರಬೇತು ಮಾಡುತ್ತಾರೆ. ಅಂಥ ಪರೀಕ್ಷೆಗಳಲ್ಲಿ ಒಂದು ತ್ರಿಕೋನ ಪರೀಕ್ಷೆ. ಮೂರು ಲೋಟ ಇಡುತ್ತಾರೆ; ಎರಡರಲ್ಲಿ ಒಂದೇ ಪದಾರ್ಥ, ಮೂರನೆಯದರಲ್ಲಿ ಸ್ವಲ್ಪವೇ ಬೇರೆ. ಬೇರೆ ಯಾವುದೆಂದು ಹೇಳಬೇಕು. ಸುಲಭವೆಂದು ತೋರುತ್ತದೆ, ಕುಡಿದು ನೋಡಿದವರಿಗೆ ಗರ್ವಭಂಗವಾಗುತ್ತದೆ. ಅಭ್ಯಾಸದಿಂದ ಇದು ಬರುತ್ತದೆ. ನಾವು ರುಚಿಯೆನ್ನುವುದರಲ್ಲಿ ಬಹುಪಾಲು ಬಾಯೊಳಗಿನಿಂದ ಮೂಗಿಗೆ ಏರುವ ವಾಸನೆಯೇ; ನೆಗಡಿ ಬಂದ ದಿನ ಕಾಫಿ ಬಿಸಿ ಕಹಿನೀರಾಗುವುದು ಇದರಿಂದ. ನಾವು ಷಡ್ರಸಗಳಲ್ಲಿ ಎಣಿಸುವ ಖಾರ, ವಿಜ್ಞಾನದ ದೃಷ್ಟಿಯಿಂದ ರುಚಿಯೇ ಅಲ್ಲ, ಉರಿ. ಬಿಸಿ ತಾಗಿದಾಗ ಎಚ್ಚರಿಸುವ ನರವನ್ನೇ ಮೆಣಸಿನಕಾಯಿ ಕೆಣಕುತ್ತದೆಂಬುದು ೧೯೯೭ರಲ್ಲಿ ಸ್ಥಿರಪಟ್ಟಿತು. ನಾಲಗೆಯ ತುದಿಗೆ ಸಿಹಿ, ಬುಡಕ್ಕೆ ಕಹಿ ಎಂದು ನಾವು ಶಾಲೆಯಲ್ಲಿ ಬರೆದ ಚಿತ್ರವೂ ತಪ್ಪು. ಇಷ್ಟನ್ನು ವಿಮರ್ಶಕ ತಿಳಿದಿರಬೇಕು. ಆದರೆ ಇಷ್ಟೇ ತಿಳಿದವನು ಪರೀಕ್ಷಕ, ವಿಮರ್ಶಕನಲ್ಲ. ಪದ್ಯದ ಮಾತ್ರೆಗಳನ್ನು ತಪ್ಪಿಲ್ಲದೆ ಎಣಿಸಿದವನು ಕವಿತೆಯನ್ನು ಓದಿದ ಹಾಗಾಗುವುದಿಲ್ಲವಷ್ಟೆ.

ನಾಲಗೆ ಆದ ಮೇಲೆ ಬೇಕಾದದ್ದು ಒಲೆಯ ಪರಿಚಯ. ವಿಮರ್ಶಕ ಒಳ್ಳೆಯ ಅಡಿಗೆಯವನಾಗಬೇಕಿಲ್ಲ. ಆದರೆ ಅಡಿಗೆ ಕೆಟ್ಟರೆ ಎಲ್ಲಿ ಕೆಟ್ಟಿತೆಂದು ತಿಳಿಯಬೇಕು. ದೋಸೆಯನ್ನೇ ನೋಡಿ. ಮೂರು ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಒಂದು ಚಿಟಿಕೆ ಮೆಂತ್ಯ, ರುಬ್ಬಿ ಒಂದು ರಾತ್ರಿ ಹುದುಗಿಸುವುದು. ಹಿಟ್ಟು ಉಬ್ಬುವುದೂ ಹುಳಿಯುವುದೂ ಕಾಳಿನ ಮೇಲೆಯೇ ಇರುವ ಸೂಕ್ಷ್ಮಜೀವಿಗಳ ಕೆಲಸ. ಬೇಸಗೆಯಲ್ಲಿ ಅವು ಓಡುತ್ತವೆ, ಮಾಗಿಯಲ್ಲಿ ತೆವಳುತ್ತವೆ. ಕಾವಲಿ ಅತಿಯಾಗಿ ಕಾದರೆ ಹಿಟ್ಟು ಸೌಟಿಗೆ ಅಂಟಿ ಹರಿಯುತ್ತದೆ; ಕಾಯದಿದ್ದರೆ ದೋಸೆ ಬಿಳಿಚಿಕೊಂಡು ಎಣ್ಣೆ ಹೀರುತ್ತದೆ. ಇದನ್ನು ತಿಳಿದವನು, "ದೋಸೆ ಚೆನ್ನಾಗಿರಲಿಲ್ಲ" ಎಂದು ಬರೆಯುವುದಿಲ್ಲ. "ಹಿಟ್ಟು ಹದವಾಗಿತ್ತು, ಕಾವಲಿ ಕಾದಿರಲಿಲ್ಲ" ಎಂದು ಬರೆಯುತ್ತಾನೆ. ಮೊದಲ ಮಾತು ಮಾಲೀಕನಿಗೆ ಪೆಟ್ಟು. ಎರಡನೆಯ ಮಾತು ಅವನಿಗೂ ತಿನ್ನುವವನಿಗೂ ಪ್ರಯೋಜನ. ೨೦೨೪ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿತು. ಅದಕ್ಕೆ ಮುಂಚೆ ಆ ಕೆಂಡದಂಥ ಕೆಂಪನ್ನು ಹೊಗಳಿ ಬರೆದವರು ಕಡಮೆಯೆ? ಹೂಕೋಸಿಗೆ ಆ ಕೆಂಪು ಎಲ್ಲಿಂದ ಬಂತೆಂದು ಒಂದು ಕ್ಷಣ ಯೋಚಿಸಿದ್ದರೆ ಸಾಕಾಗಿತ್ತು.

ಇನ್ನೊಂದು ಅರ್ಹತೆ ಇತಿಹಾಸದ ಅರಿವು. ನಮ್ಮ ಊಟದ ಬರವಣಿಗೆಯಲ್ಲಿ ಅತ್ಯಂತ ಸವೆದ ನಾಣ್ಯವೆಂದರೆ 'ಸಾಂಪ್ರದಾಯಿಕ' ಎಂಬ ಮಾತು. ಯಾವ ಸಂಪ್ರದಾಯ, ಎಂದಿನದು ಎಂದು ಯಾರೂ ಕೇಳುವುದಿಲ್ಲ. ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಆದಿಯಲ್ಲಿ ಇಡೀ 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಅಡಿಗೆಯ ವಿಧಾನವನ್ನು ಪದ್ಯದಲ್ಲಿ ಹೇಳಬಲ್ಲ ಕವಿ ನಮ್ಮಲ್ಲಿದ್ದನೆಂಬುದು ಹೆಮ್ಮೆಯ ವಿಷಯ. ಆದರೆ ಅವನ ಒಲೆಯ ಮೇಲೆ ಇಂದಿನ ಮೆಣಸಿನಕಾಯಿ ಇಲ್ಲ, ಆಲೂಗಡ್ಡೆ ಇಲ್ಲ, ಟೊಮೇಟೊ ಇಲ್ಲ. ಅವೆಲ್ಲ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿಯೂ ಅನಂತರವೂ ಬಂದವು. ಮಸಾಲೆ ದೋಸೆಯೊಳಗಿನ ಪಲ್ಯವೂ ಅದರ ಕೆಂಪು ಚಟ್ನಿಯೂ ಇಲ್ಲಿಗೆ ವಲಸೆ ಬಂದವೇ. ನಾನು ಪ್ರತಿ ವರ್ಷ ಪಾಠ ಹೇಳುವ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಬರುತ್ತದೆ. ಅದನ್ನು ಕಂಡೊಡನೆ ನಮ್ಮ ಇಡ್ಲಿಗೆ ಸಾವಿರ ವರ್ಷವಾಯಿತೆಂದು ತರಗತಿಯಲ್ಲಿ ಹೇಳಿ ಚಪ್ಪಾಳೆ ಪಡೆಯುವುದು ಸುಲಭ, ನಾನೂ ಪಡೆದಿದ್ದೇನೆ. ಆದರೆ ಅಚಯ ಅವರು ತೋರಿಸಿಕೊಟ್ಟಂತೆ, ಹಳೆಯ ಗ್ರಂಥಗಳ ಆ ಭಕ್ಷ್ಯದಲ್ಲಿ ಉದ್ದು ಕಾಣುತ್ತದೆಯೇ ಹೊರತು ಅಕ್ಕಿ, ದೀರ್ಘಕಾಲದ ಹುದುಗು, ಹಬೆಯ ಬೇಯಿಕೆ ಈ ಮೂರೂ ಕಾಣುವುದಿಲ್ಲ. ಹೆಸರು ಉಳಿಯಿತು, ತಿಂಡಿ ಬದಲಾಯಿತು. ಇತ್ತ ರವೆ ಇಡ್ಲಿಯನ್ನು ನೋಡಿ: ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಬಂದಾಗ ತಾವು ರವೆಯಲ್ಲಿ ಪ್ರಯತ್ನಿಸಿದೆವೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸಿನವರು ಹೇಳುತ್ತಾರೆ. ಕೊರತೆಯಲ್ಲಿ ಹುಟ್ಟಿದ ತಿಂಡಿ ಇಂದು 'ಸಾಂಪ್ರದಾಯಿಕ'ವಾಗಿ ಕುಳಿತಿದೆ. ಅದರಲ್ಲಿ ಅವಮಾನವೇನೂ ಇಲ್ಲ. ಭಾಷೆಯಂತೆ ಅಡಿಗೆಯೂ ಕೊಂಡು ಕೊಟ್ಟು ಬೆಳೆದದ್ದು ಎಂದು ಬಲ್ಲವನು 'ಅಸಲಿ', 'ನಕಲಿ' ಎಂಬ ಮಾತುಗಳನ್ನು ಕೊಂಚ ತಡೆದು ಉಪಯೋಗಿಸುತ್ತಾನೆ.

ಈಗ ನಾನು ತಪ್ಪೊಪ್ಪಿಗೆಯೊಂದನ್ನು ಮಾಡಬೇಕಾಗಿದೆ. ನಾನು ರಾಗಿಯ ಸೀಮೆಯವನು; ಮುದ್ದೆ, ಅನ್ನ, ಸಾರು ಉಂಡು ಬೆಳೆದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ವಿಜಯಪುರದ ಕಡೆಯ ಒಂದು ಊರಿನ ಕಾಲೇಜಿಗೆ ಹೋದೆ. ಅಲ್ಲಿನ ಸ್ಥಳೀಯ ಪತ್ರಿಕೆಯೊಂದಕ್ಕೆ ಹಗುರವಾದ ಲೇಖನಗಳನ್ನು ಬರೆಯುವ ಚಪಲ ಹತ್ತಿತು. ಒಂದು ವಾರ ವಿಷಯ ಸಿಕ್ಕದೆ, ಊರಿನ ಖಾನಾವಳಿಗಳ ಮೇಲೆ ಬರೆದೆ. ಅವುಗಳಲ್ಲಿ ಒಂದನ್ನು ನಡುವಯಸ್ಸಿನ ಹೆಂಗಸೊಬ್ಬಳು ತನ್ನ ಮನೆಯ ಮುಂಭಾಗದಲ್ಲಿ ನಡೆಸುತ್ತಿದ್ದಳು. ಒಂದೇ ಒಂದು ಮಧ್ಯಾಹ್ನ ಅಲ್ಲಿ ಉಂಡಿದ್ದೆ. ರೊಟ್ಟಿ ಹಲ್ಲಿಗೆ ಸವಾಲು ಹಾಕುವಂತಿತ್ತು ಎಂದು, ಹೆಂಚಿಗೂ ಅದಕ್ಕೂ ಭೇದ ಮಾಡುವುದು ಕಷ್ಟವೆಂದು, ನಾಲ್ಕು ಜನ ನಗುವಂತೆ ಬರೆದೆ. ಹೆಸರು ಹಾಕಿರಲಿಲ್ಲ, ಆದರೆ ಸಣ್ಣ ಊರಿನಲ್ಲಿ ಹೆಸರು ಹಾಕುವುದು ಬೇಕಾಗಿಯೂ ಇಲ್ಲ. ಜನ ನಕ್ಕರು. ನನಗೆ ಸಂತೋಷವಾಯಿತು.

ಎರಡು ವಾರದ ಮೇಲೆ ಆಕೆ ದಾರಿಯಲ್ಲಿ ಸಿಕ್ಕಳು. ಬೈಯಲಿಲ್ಲ. "ಸರ, ಕಡಕ್ ರೊಟ್ಟಿ ಕಡಕ್ ಇರಲಾರ್ದ ಮತ್ತ ಹೆಂಗ ಇರ್ತೈತ್ರಿ? ಮೆತ್ತಂದು ಬೇಕಂತ ಒಂದ ಮಾತ ಅಂದಿದ್ರ ಬಿಸಿ ರೊಟ್ಟಿ ಬಡದು ಕೊಡ್ತಿದ್ದೆ" ಎಂದಳು. ತಿಂಗಳ ಊಟಕ್ಕೆ ಬರುತ್ತಿದ್ದ ನಮ್ಮ ಕಾಲೇಜಿನ ಎಂಟು ಹುಡುಗರು ಬಿಟ್ಟುಹೋದರೆಂದೂ ಹೇಳಿದಳು. ಅದನ್ನು ದೂರಿನಂತೆ ಹೇಳಲಿಲ್ಲ, ಲೆಕ್ಕ ಒಪ್ಪಿಸುವಂತೆ ಹೇಳಿದಳು. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು ಬೇಯಿಸಿ, ತೇವ ಪೂರ್ತಿ ಆರಿಸಿ, ದಿನಗಟ್ಟಲೆ ಕೆಡದಂತೆ ಇಡುವುದು ಆ ಬಿಸಿಲಿನ ನಾಡಿನ ಜಾಣ್ಮೆ. ಅದನ್ನು ಮುರಿದು, ಮೊಸರಿನಲ್ಲೋ ಪಲ್ಯದ ರಸದಲ್ಲೋ ಅದ್ದಿ, ಶೇಂಗಾ ಹಿಂಡಿಯೊಡನೆ ತಿನ್ನಬೇಕು. ಹೊಲಕ್ಕೆ ಹೋಗುವವನಿಗೆ, ದೂರ ಪ್ರಯಾಣ ಮಾಡುವವನಿಗೆ ಅದು ಬುತ್ತಿ. ನಾನು ಮಾಡಿದ್ದು, ಹಪ್ಪಳ ಮುರಿಯುತ್ತದೆಂದು ಹಪ್ಪಳದವನನ್ನು ಹಂಗಿಸಿದಂತೆ. ವಚನಕ್ಕೆ ಷಟ್ಪದಿಯ ಪ್ರಾಸವಿಲ್ಲವೆಂದು ಆಕ್ಷೇಪಿಸಿದ ವಿದ್ಯಾರ್ಥಿಯ ಉತ್ತರಪತ್ರಿಕೆಗೆ ನಾನು ಸೊನ್ನೆ ಹಾಕುತ್ತಿದ್ದೆ. ಅದೇ ತಪ್ಪನ್ನು ನಾನು ಮಾಡಿ ಸಂಭಾವನೆ ಪಡೆದಿದ್ದೆ. ತಿದ್ದುಪಡಿ ಬರೆದು ಕಳಿಸಿದೆ. ಪತ್ರಿಕೆ ಅದನ್ನು ಮೂಲೆಯಲ್ಲಿ ಎರಡು ಸಾಲಾಗಿ ಅಚ್ಚು ಹಾಕಿತು. ಹುಡುಗರಲ್ಲಿ ಮೂವರು ಹಿಂದಿರುಗಿದರು. ಉಳಿದ ಐವರು ಬರಲಿಲ್ಲ.

ಆದುದರಿಂದ ಪರರ ಎಲೆಯ ಪರಿಚಯವನ್ನು ನಾನು ಎಲ್ಲಕ್ಕಿಂತ ದೊಡ್ಡ ಅರ್ಹತೆಯೆಂದು ಎಣಿಸುತ್ತೇನೆ. ಪ್ರತಿಯೊಬ್ಬನ ನಾಲಗೆಯೂ ಅವನ ತಾಯಿಯ ಅಡಿಗೆಮನೆಯಲ್ಲಿ ದೀಕ್ಷೆ ಪಡೆದಿರುತ್ತದೆ. ಆ ದೀಕ್ಷೆಯನ್ನು ಲೋಕನಿಯಮವೆಂದು ಭ್ರಮಿಸುವುದು ನಮಗೆ ಸಹಜ. ನಮ್ಮ ನಾಡಿನಲ್ಲಿ ಇದಕ್ಕೆ ಇನ್ನೊಂದು ಕಹಿಯಾದ ಮುಖವಿದೆ. ಪತ್ರಿಕೆಗಳಲ್ಲಿ 'ಕರ್ನಾಟಕದ ಊಟ' ಎಂದು ಬರೆದಾಗ ಬಾಳೆಯೆಲೆ, ಕೋಸಂಬರಿ, ಹೋಳಿಗೆ ಬರುತ್ತವೆ. ಸಂಶಯವಿಲ್ಲ, ಅದು ಸೊಗಸಾದ ಊಟ. ಆದರೆ ಈ ನಾಡಿನಲ್ಲಿ ಬಹುಮಂದಿ ತಿನ್ನುವ ಮೀನು, ಬಾಡು, ಒಣಮೀನಿನ ಸಾರು, ಬೊಟಿ, ಕೆರೆಯಂಚಿನ ಬೆರಕೆ ಸೊಪ್ಪು ಇವು ಬರುವುದು ವಿಚಿತ್ರ ವಸ್ತುಗಳಂತೆ, ಅಥವಾ ಬರುವುದೇ ಇಲ್ಲ. ಮರಾಠವಾಡದ ದಲಿತರ ಅಡಿಗೆಯನ್ನು ಕುರಿತು ಶಾಹು ಪಾಟೋಳೆಯವರು ಮರಾಠಿಯಲ್ಲಿ ಬರೆದ ಪುಸ್ತಕ ೨೦೧೫ರಲ್ಲಿ ಬಂತು. ಅನ್ನ ಪೂರ್ಣಬ್ರಹ್ಮವೆಂಬ ನಾಣ್ಣುಡಿಯನ್ನು ತಿರುಗಿಸಿ, ಅನ್ನ ಅಪೂರ್ಣಬ್ರಹ್ಮವೆಂಬ ಅರ್ಥದ ಹೆಸರನ್ನು ಅವರು ಅದಕ್ಕೆ ಕೊಟ್ಟರು. ಯಾರ ಊಟ ಗ್ರಂಥಕ್ಕೆ ಏರಿತು, ಯಾರದು ಏರಲಿಲ್ಲ ಎಂಬ ಲೆಕ್ಕವನ್ನು ಆ ಹೆಸರು ಒಂದೇ ಮಾತಿನಲ್ಲಿ ಹೇಳುತ್ತದೆ. ಎಲ್ಲವನ್ನೂ ಎಲ್ಲರೂ ತಿನ್ನಲೇಬೇಕೆಂದು ನಾನು ಹೇಳುತ್ತಿಲ್ಲ. ವ್ರತ, ನಂಬಿಕೆ, ಆರೋಗ್ಯ ಅವರವರದು. ತಾನು ತಿನ್ನದ್ದರ ಮೇಲೆ ತೀರ್ಪು ಕೊಡಕೂಡದು, ತಾನು ತಿನ್ನುವುದೇ ಊಟವೆಂದು ಬರೆಯಕೂಡದು, ಇಷ್ಟೇ. ಜಾನಥನ್ ಗೋಲ್ಡ್ ತನ್ನ ಇಪ್ಪತ್ತರ ಹರೆಯದಲ್ಲಿ ಪೀಕೋ ಎಂಬ ಉದ್ದವಾದ ಬೀದಿಯ ಒಂದು ತುದಿಯಿಂದ ಹೊರಟು, ಅಲ್ಲಿ ಬಂದು ನೆಲಸಿದ ನಾನಾ ದೇಶದವರ ಅಂಗಡಿಗಳಲ್ಲಿ ಒಂದೊಂದಾಗಿ ಉಣ್ಣುತ್ತ ಹೋದ. ಅದು ಅವನ ವಿಶ್ವವಿದ್ಯಾಲಯ. ನಮ್ಮ ಯಾವ ಊರಿನಲ್ಲಿ ಅಂಥ ಬೀದಿ ಇಲ್ಲ?

ಪ್ರಾಮಾಣಿಕತೆಯ ಮಾತು ಹಳೆಯದು, ಆದರೂ ಹೇಳಲೇಬೇಕು. ಗ್ರಿಮೋವಿನ ಕಾಲದಲ್ಲಿಯೇ ಈ ರೋಗ ಹುಟ್ಟಿತು. ವರ್ತಕರು ತಮ್ಮ ಭಕ್ಷ್ಯಗಳನ್ನು ಅವನ ರುಚಿನೋಡುವ ಮಂಡಳಿಗೆ ಕಳಿಸುತ್ತಿದ್ದರು, ಮಂಡಳಿ ತಿಂದು ತೀರ್ಪು ಕೊಡುತ್ತಿತ್ತು. ಬಿಟ್ಟಿ ಊಟಕ್ಕಾಗಿ ಹೂಡಿದ ಉಪಾಯವೆಂದು ಜನ ಸಂಶಯಪಟ್ಟರು. ಕ್ಲೈಬೋರ್ನ್ ತಂದ ಶಿಸ್ತು ಇದಕ್ಕೆ ಮದ್ದು: ತಾನು ಯಾರೆಂದು ಹೇಳದೆ ಹೋಗುವುದು, ಒಂದಕ್ಕಿಂತ ಹೆಚ್ಚು ಸಲ ಹೋಗುವುದು, ಬಿಲ್ಲನ್ನು ಪತ್ರಿಕೆಯೇ ಕೊಡುವುದು. ಗುರುತು ಮರೆಸುವುದೇಕೆ ಎಂಬುದಕ್ಕೆ ರೂತ್ ರೈಕಲ್ ೧೯೯೩ರಲ್ಲಿ ಕೊಟ್ಟ ಉತ್ತರ ಪ್ರಸಿದ್ಧವಾಗಿದೆ. ನ್ಯೂಯಾರ್ಕಿನ ಒಂದು ವೈಭವದ ಭೋಜನಶಾಲೆಗೆ ವೇಷ ಮರೆಸಿ ಹೋದರು, ಗುರುತು ತಿಳಿಯುವಂತೆಯೂ ಹೋದರು. ಯಾರೂ ಅಲ್ಲದ ಹೆಂಗಸಿಗೆ ಸಿಕ್ಕಿದ ಉಪಚಾರ ಒಂದು, ಪತ್ರಿಕೆಯ ವಿಮರ್ಶಕಿಗೆ ಸಿಕ್ಕಿದ್ದು ಇನ್ನೊಂದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬರೆದು, ಆ ಶಾಲೆಯ ನಾಲ್ಕು ನಕ್ಷತ್ರಗಳಲ್ಲಿ ಒಂದನ್ನು ಕಿತ್ತರು. ನಮ್ಮಲ್ಲಿ ಇಂದು ಆಹ್ವಾನವಿತ್ತು ಕರೆಸಿ, ಬಿಟ್ಟಿ ಉಣಿಸಿ, ಕೆಲವರಿಗೆ ಮೇಲೆ ದಕ್ಷಿಣೆಯನ್ನೂ ಕೊಟ್ಟು ಹೊಗಳಿಸಿಕೊಳ್ಳುವ ಪದ್ಧತಿ ಬಂದಿದೆ. ಅದನ್ನು ಜಾಹೀರಾತು ಎಂದು ಕರೆದರೆ ನನ್ನ ತಕರಾರಿಲ್ಲ. ವಿಮರ್ಶೆಯೆಂದು ಕರೆಯಬಾರದು. ಪುಸ್ತಕ ವಿಮರ್ಶಕರಾದ ನಾವೂ ಮಿತ್ರರ ಕವನಸಂಕಲನಗಳ ವಿಷಯದಲ್ಲಿ ಬಹಳ ಶುದ್ಧರೇನಲ್ಲ. ಈ ಮಾತನ್ನು ನಮಗೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಕನ್ನಡದ ಮೇಷ್ಟರಾಗಿ ನಾನು ಭಾಷೆಯ ಮಾತನ್ನು ಬಿಡಲಾರೆ. ಊಟದ ವಿಷಯ ಹೇಳುವಾಗ ಇಂದಿನವರಿಗೆ 'ಸೂಪರ್' ಎಂಬ ಒಂದೇ ಶಬ್ದ ಸಾಕಾಗಿದೆ. ನಮ್ಮ ಅಜ್ಜಿಯರ ನಿಘಂಟು ಇಷ್ಟು ಬಡವಾಗಿರಲಿಲ್ಲ. ಹಳೆಯ ಕೊಬ್ಬರಿಯದು ಕಮಟು. ಮಳೆಗಾಲದ ಹಿಟ್ಟಿನದು ಮುಗ್ಗಲು. ನಿನ್ನೆಯ ಸಾರಿನದು ಹಳಸಲು. ತಳ ಹಿಡಿದದ್ದು ಸೀದದ್ದು. ಕಲಾಯಿ ಹೋದ ಹಿತ್ತಾಳೆಯದು ಕಿಲುಬು. ಎಳೆಯ ಬಾಳೆಕಾಯಿಯದು ಒಗರು. ಉಪ್ಪು ಸಾಲದ್ದು ಸಪ್ಪೆ. ಹುರಿಯದ ಮಸಾಲೆಯದು ಹಸಿವಾಸನೆ. ಕೆಟ್ಟದ್ದರಲ್ಲಿಯೇ ಇಷ್ಟು ಬಗೆ! ಒಳ್ಳೆಯದಕ್ಕೆ 'ಹದ' ಎಂಬ ಒಂದು ಮಾತಿದೆ. ಹೊಲಕ್ಕೂ ಪಾಕಕ್ಕೂ ಕಾವ್ಯಕ್ಕೂ ಸಲ್ಲುವ ಮಾತು. ಈ ಶಬ್ದಗಳು ಅಲಂಕಾರಕ್ಕಾಗಿ ಹುಟ್ಟಿದವಲ್ಲ. ಏನು ಕೆಟ್ಟಿದೆಯೆಂದು ಒಂದೇ ಮಾತಿನಲ್ಲಿ ಹೇಳಿ, ಇನ್ನೊಬ್ಬಳು ಅದನ್ನು ತಿದ್ದಲು ಅನುವು ಮಾಡಿಕೊಡುವ ವಿಮರ್ಶೆಯ ಪರಿಭಾಷೆ ಅದು. ಅದನ್ನು ಬಲ್ಲ ಅಜ್ಜಿಯರು ಪತ್ರಿಕೆಗೆ ಬರೆಯಲಿಲ್ಲ. ಬರೆಯುವ ಮೊಮ್ಮಕ್ಕಳಿಗೆ ಅದು ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪಣೆಗೆ ಉತ್ತರ ಕೊಡಬೇಕು. ಹಸಿದವರಿರುವ ನಾಡಿನಲ್ಲಿ ಊಟದ ವಿಮರ್ಶೆ ವಿಲಾಸವಲ್ಲವೆ? ೧೯೭೫ರಲ್ಲಿ ಕ್ಲೈಬೋರ್ನ್ ಹರಾಜಿನಲ್ಲಿ ಗೆದ್ದ ಬಹುಮಾನವನ್ನು ಉಪಯೋಗಿಸಿಕೊಂಡು, ಸ್ನೇಹಿತನೊಬ್ಬನ ಜೊತೆಗೆ ಪ್ಯಾರಿಸಿನಲ್ಲಿ ೪೦೦೦ ಡಾಲರಿನ, ೩೧ ಬಗೆಯ ಊಟ ಮಾಡಿ ಅದನ್ನು ಪತ್ರಿಕೆಯ ಮುಖಪುಟದಲ್ಲಿ ಬರೆದ. ಓದುಗರು ಸಿಡಿದೆದ್ದು ಪತ್ರಗಳ ಮಳೆಗರೆದರು. ಶಿಸ್ತನ್ನು ತಂದವನೇ ಪ್ರಮಾಣವನ್ನು ಮರೆತ ಆ ದಿನ, ವಿಮರ್ಶಕನಿಗೆ ನಾಲಗೆಯಷ್ಟೇ ನಾಚಿಕೆಯೂ ಬೇಕೆಂಬುದು ಲೋಕಕ್ಕೆ ತಿಳಿಯಿತು. ಆಕ್ಷೇಪಣೆಯಲ್ಲಿ ಹುರುಳಿದೆಯೆಂದು ಒಪ್ಪುತ್ತೇನೆ. ಆದರೆ ಊಟ ಶ್ರೀಮಂತರದು ಮಾತ್ರವಲ್ಲ. ಹಾಸ್ಟೆಲಿನ ಸಾರು, ರೈಲಿನ ಪೊಟ್ಟಣ, ಆಸ್ಪತ್ರೆಯ ಗಂಜಿ, ಶಾಲೆಯ ಬಿಸಿಯೂಟ, ಇವುಗಳ ಬಗ್ಗೆ ತಿಳಿದವನೊಬ್ಬ ನೆಟ್ಟಗೆ ಬರೆದರೆ ಅದು ವಿಲಾಸವಾಗುವುದಿಲ್ಲ. ಅಲ್ಲಿಯೇ ಅದರ ಅಗತ್ಯ ಹೆಚ್ಚು. ಏಕೆಂದರೆ ಅಲ್ಲಿ ಉಣ್ಣುವವನಿಗೆ ಎದ್ದು ಬೇರೆ ಹೋಟೆಲಿಗೆ ಹೋಗುವ ಸ್ವಾತಂತ್ರ್ಯವಿಲ್ಲ.

ಪುಸ್ತಕದ ವಿಮರ್ಶಕನಿಗಿಲ್ಲದ ಒಂದು ಹೊಣೆಯೂ ಊಟದ ವಿಮರ್ಶಕನಿಗಿದೆ. ನಾನು ಒಂದು ಕಾದಂಬರಿಯನ್ನು ತಪ್ಪಾಗಿ ಹಳಿದರೆ, ಅದು ಕಪಾಟಿನಲ್ಲಿ ಕಾದಿರುತ್ತದೆ. ಐವತ್ತು ವರ್ಷದ ಮೇಲೆ ಯಾರಾದರೂ ತೆರೆದು ನನ್ನನ್ನು ಸುಳ್ಳಾಗಿಸಬಹುದು. ಆ ಮಧ್ಯಾಹ್ನದ ರೊಟ್ಟಿ ಈಗಿಲ್ಲ. ಅದರ ಪರವಾಗಿ ಸಾಕ್ಷಿ ಹೇಳುವವರಿಲ್ಲ. ಉಳಿದದ್ದು ನನ್ನ ಮಾತು ಮಾತ್ರ.

ಹುಡುಗನಿಗೆ ಇದನ್ನೆಲ್ಲ ಹೇಳಲಿಲ್ಲ. ಪರೀಕ್ಷೆ ಇಲ್ಲ, ಬರೆದು ತಾ ಎಂದೆ. ತನ್ನ ಹಾಸ್ಟೆಲಿನ ಸಾಂಬಾರಿನ ಮೇಲೆ ಒಂದು ಪುಟ ಬರೆದು ತಂದ. ನೀರು, ಬೇಳೆಗೆ ದುರ್ಬೀನು ಬೇಕು ಎಂದು ಹಾಸ್ಯ ಮಾಡಿದ್ದ. ನನ್ನ ಹಳೆಯ ಲೇಖನ ನೆನಪಾಯಿತು. "ಅಡಿಗೆಮನೆಯೊಳಗೆ ಹೋಗಿದ್ದೆಯಾ?" ಎಂದು ಮಾತ್ರ ಕೇಳಿ ಹಿಂದಿರುಗಿಸಿದೆ. ಹತ್ತು ದಿನ ಬಿಟ್ಟು ಎರಡನೆಯ ಪುಟ ತಂದ. ಬೆಳಗ್ಗೆ ಐದಕ್ಕೆ ಎದ್ದು ಅಡಿಗೆಯವನ ಜೊತೆ ನಿಂತಿದ್ದನಂತೆ. ನೂರಿಪ್ಪತ್ತು ಹುಡುಗರ ಎರಡು ಹೊತ್ತಿನ ಸಾಂಬಾರಿಗೆ ಉಗ್ರಾಣದಿಂದ ಬರುವುದು ಮೂರು ಕೆ.ಜಿ. ಬೇಳೆ. ಅಡಿಗೆಯವನು ಅದಕ್ಕೆ ಕುಂಬಳಕಾಯಿಯನ್ನು ಕರಗುವಷ್ಟು ಬೇಯಿಸಿ ಸೇರಿಸಿ, ಆದಷ್ಟು ಮಂದ ಮಾಡುತ್ತಾನೆ. ಹಾಗೆ ಮಾಡದಿದ್ದರೆ ಅದು ಇನ್ನೂ ನೀರು. ಈ ಸಲ ಬರಹದಲ್ಲಿ ಹಾಸ್ಯವಿರಲಿಲ್ಲ. ಕೊನೆಯ ಸಾಲಿನಲ್ಲಿ ಅವನು ಕೇಳಿದ್ದ ಪ್ರಶ್ನೆ ಅಡಿಗೆಯವನಿಗಲ್ಲ, ಉಗ್ರಾಣದವರಿಗೆ.

ಅದನ್ನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಟ್ಟಿದ್ದೇನೆ. ಅಚ್ಚಾಗುತ್ತದೆಯೋ ಇಲ್ಲವೋ ನೋಡಬೇಕು.